ಸಾಬೂನಿನಿಂದ ಸಾಫ್ಟ್‌ವೇರ್‌ವರೆಗೆ: ಪ್ರಾಡಕ್ಟ್ ಮ್ಯಾನೇಜ್‌ಮೆಂಟ್ ನಡೆದು ಬಂದ ದಾರಿ

ಎಸ್.ಎಸ್.ಎಲ್.ಸಿ. ಅಥವಾ ಪಿ.ಯು.ಸಿ. ಮುಗಿಸಿದ ಮಕ್ಕಳ ಮುಂದೆ ನಾವು ಇಡುವ ಉದ್ಯೋಗಗಳ ಪಟ್ಟಿ ಬಹಳ ಚಿಕ್ಕದು. ಡಾಕ್ಟರ್, ಇಂಜಿನಿಯರ್, ಶಿಕ್ಷಕ ವೃತ್ತಿ, ಬ್ಯಾಂಕಿನ ಕೆಲಸ, ಇವು ಯಾವುದೂ ಆಗದಿದ್ದರೆ ಅಂಗಡಿ ಅಥವಾ ಗಲ್ಫ್. ಈ ಪಟ್ಟಿಯಲ್ಲಿ ಎಲ್ಲಿಯೂ ಕಾಣದ, ಆದರೆ ಬೆಂಗಳೂರಿನ ಕಂಪನಿಗಳಲ್ಲಿ ಇಂದು ಒಳ್ಳೆಯ ಸಂಬಳವಿರುವ ಹುದ್ದೆಯೊಂದಿದೆ. ಅದರ ಹೆಸರು ಪ್ರಾಡಕ್ಟ್ ಮ್ಯಾನೇಜರ್. ಈ ಹೆಸರು ಹೇಳಿದರೆ ಎಷ್ಟೋ ಪೋಷಕರು ‘ಅದು ಸೇಲ್ಸ್ ಕೆಲಸವೇ ಮಾಸ್ಟರೇ?’ ಎಂದು ಕೇಳುತ್ತಾರೆ. ಇನ್ನು ಕೆಲವರು ಅದು ಐ.ಐ.ಎಂ.ನಲ್ಲಿ ಓದಿ ಇಂಗ್ಲಿಷ್ ಪಟಪಟನೆ ಮಾತನಾಡುವವರ ಸೊತ್ತು ಎಂದು ಮೊದಲೇ ಕೈ ಚೆಲ್ಲುತ್ತಾರೆ. ಈ ಎರಡೂ ತಿಳಿವಳಿಕೆಗಳು ಪೂರ್ತಿ ಸರಿಯಲ್ಲ ಎಂಬುದಕ್ಕೆ ಈ ವೃತ್ತಿಯ ಇತಿಹಾಸವೇ ಸಾಕ್ಷಿ.

ಒಂದು ವಸ್ತು ತಯಾರಾಗಲು ಹಲವರು ದುಡಿಯುತ್ತಾರೆ. ಇಂಜಿನಿಯರ್ ಕಟ್ಟುತ್ತಾನೆ, ಕಲಾವಿದ ರೂಪ ಕೊಡುತ್ತಾನೆ, ಲೆಕ್ಕದವನು ಖರ್ಚು ನೋಡುತ್ತಾನೆ, ಮಾರಾಟಗಾರ ಅಂಗಡಿಗೆ ತಲುಪಿಸುತ್ತಾನೆ. ಆದರೆ ಇದನ್ನು ಯಾರಿಗಾಗಿ ಮಾಡುತ್ತಿದ್ದೇವೆ, ಅವರ ಯಾವ ತೊಂದರೆ ಇದರಿಂದ ತಪ್ಪುತ್ತದೆ, ಇದರಲ್ಲಿ ಏನಿರಬೇಕು, ಏನಿರಬಾರದು, ಕೊಂಡವರಿಗೆ ನಿಜಕ್ಕೂ ಉಪಯೋಗವಾಯಿತೇ ಎಂಬ ಪ್ರಶ್ನೆಗಳಿಗೆ ಉತ್ತರ ಕೊಡಬೇಕಾದವರು ಯಾರು? ಆ ಜವಾಬ್ದಾರಿಯನ್ನು ಒಬ್ಬನ ಹೆಗಲಿಗೆ ಹಾಕಿದಾಗ ಈ ವೃತ್ತಿ ಹುಟ್ಟಿತು. ಅದು ಹುಟ್ಟಿದ್ದು ಕಂಪ್ಯೂಟರಿನಲ್ಲಿ ಅಲ್ಲ, ಮೈಗೆ ಹಚ್ಚುವ ಸಾಬೂನಿನಲ್ಲಿ.

ಅಮೆರಿಕದ ಸಿನ್ಸಿನಾಟಿ ನಗರದ ಪ್ರಾಕ್ಟರ್ ಅಂಡ್ ಗ್ಯಾಂಬಲ್ ಕಂಪನಿಯು 1879ರಿಂದ ‘ಐವರಿ’ ಎಂಬ ಸಾಬೂನನ್ನು ಮಾರುತ್ತಿತ್ತು. 1926ರಲ್ಲಿ ಅದೇ ಕಂಪನಿ ‘ಕ್ಯಾಮೆ’ ಎಂಬ ಪರಿಮಳದ ಸಾಬೂನನ್ನು ತಂದಿತು. ಕ್ಯಾಮೆ ಸಾಬೂನಿಗೆ ಹೊರಗಿನ ಎದುರಾಳಿಗಳು ಇದ್ದೇ ಇದ್ದರು. ಅವರಿಗಿಂತ ದೊಡ್ಡ ತೊಡಕು ಮನೆಯೊಳಗೇ ಇತ್ತು. ಕಂಪನಿಯ ಹಣ, ಗಮನ, ಜಾಹೀರಾತು ಎಲ್ಲವೂ ಹಿರಿಯಣ್ಣ ಐವರಿಯ ಕಡೆಗೇ ಹರಿಯುತ್ತಿತ್ತು. ಕ್ಯಾಮೆಯನ್ನು ತನ್ನದೆಂದು ನೋಡಿಕೊಳ್ಳುವವರು ಯಾರೂ ಇರಲಿಲ್ಲ. ಜಾಹೀರಾತು ವಿಭಾಗದಲ್ಲಿ ಈ ಸಾಬೂನಿನ ಕೆಲಸ ನೋಡುತ್ತಿದ್ದ ತರುಣ ನೀಲ್ ಮೆಕೆಲ್‌ರಾಯ್‌ಗೆ ಇದು ಸರಿಕಾಣಲಿಲ್ಲ. ಅವರ ತಂದೆತಾಯಿ ಇಬ್ಬರೂ ಶಾಲಾ ಶಿಕ್ಷಕರು ಎಂಬುದನ್ನು ಇಲ್ಲಿ ಹೇಳಬೇಕೆನಿಸುತ್ತದೆ. ಹಾರ್ವರ್ಡ್‌ನಲ್ಲಿ ಅರ್ಥಶಾಸ್ತ್ರ ಓದಿ 1925ರಲ್ಲಿ ಅವರು ಈ ಕಂಪನಿ ಸೇರಿದ್ದರು.

1931ರ ಮೇ 13ರಂದು ಮೆಕೆಲ್‌ರಾಯ್ ತಮ್ಮ ಮೇಲಿನವರಿಗೆ ಒಂದು ಟಿಪ್ಪಣಿ ಬರೆದರು. ಒಂದೇ ಪುಟದಲ್ಲಿ ವಿಷಯ ಮುಗಿಸಬೇಕೆಂಬ ರೂಢಿಯಿದ್ದ ಕಂಪನಿಯಲ್ಲಿ ಅವರ ಟಿಪ್ಪಣಿ ಮೂರು ಪುಟ ಆಯಿತು. ಅದರ ಉದ್ದೇಶ ಬಹಳ ಸಾಧಾರಣವಾದದ್ದು, ತಮ್ಮ ವಿಭಾಗಕ್ಕೆ ಇನ್ನಷ್ಟು ಜನರನ್ನು ಕೊಡಿ ಎಂದು ಕೇಳುವುದು. ಆದರೆ ಏಕೆ ಬೇಕು ಎಂದು ವಿವರಿಸುವಾಗ ಅವರು ಒಂದು ಹೊಸ ಹುದ್ದೆಯನ್ನೇ ಚಿತ್ರಿಸಿಬಿಟ್ಟರು. ಪ್ರತಿಯೊಂದು ಸಾಬೂನಿಗೂ ಒಬ್ಬ ‘ಬ್ರಾಂಡ್ ಮ್ಯಾನ್’ ಇರಬೇಕು. ಅವನು ಯಾವ ಊರಿಗೆ ಎಷ್ಟು ಮಾಲು ಹೋಗುತ್ತಿದೆ ಎಂಬ ಲೆಕ್ಕವನ್ನು ಎಚ್ಚರದಿಂದ ನೋಡಬೇಕು. ಮಾರಾಟ ಚೆನ್ನಾಗಿರುವಲ್ಲಿ ಯಾವುದರಿಂದ ಚೆನ್ನಾಗಿದೆ ಎಂದು ಹುಡುಕಿ ಆ ಕ್ರಮವನ್ನು ಬೇರೆಡೆಗೂ ಒಯ್ಯಬೇಕು. ಸೊರಗಿರುವಲ್ಲಿ ಹಳೆಯ ದಾಖಲೆ ಓದಬೇಕು, ಅಷ್ಟಕ್ಕೇ ನಿಲ್ಲದೆ ಸ್ವತಃ ಆ ಪ್ರದೇಶಕ್ಕೆ ಹೋಗಿ ಅಂಗಡಿಯವರನ್ನೂ ಬಳಸುವವರನ್ನೂ ಮಾತನಾಡಿಸಬೇಕು. ರೋಗ ತಿಳಿದ ಮೇಲೆ ಮದ್ದಿನ ಯೋಜನೆ ಮಾಡಬೇಕು, ಖರ್ಚಿನ ಲೆಕ್ಕ ಕೊಡಬೇಕು, ಕಡೆಗೆ ಫಲ ಬಂತೋ ಇಲ್ಲವೋ ಎಂದು ತಾನೇ ಅಳೆದು ನೋಡಬೇಕು. ಹೊದಿಕೆಯ ಕಾಗದ ಬದಲಿಸಬೇಕೆನಿಸಿದರೆ ಅದನ್ನೂ ಪರೀಕ್ಷೆ ಮಾಡಿ ಹೇಳಬೇಕು.

ಈ ಟಿಪ್ಪಣಿಯಲ್ಲಿ ಇಲ್ಲದಿರುವ ಒಂದು ಅಂಶವನ್ನು ಗಮನಿಸಬೇಕು. ಬ್ರಾಂಡ್ ಮ್ಯಾನ್‌ಗೆ ಕಾರ್ಖಾನೆಯ ಮೇಲೆ ಅಧಿಕಾರವಿಲ್ಲ, ಮಾರಾಟಗಾರರು ಅವನ ಕೈಕೆಳಗಿನವರಲ್ಲ. ಜವಾಬ್ದಾರಿ ಪೂರ್ತಿ, ಅಧಿಕಾರ ಮಾತ್ರ ಇಲ್ಲವೆನ್ನುವಷ್ಟು ಕಡಿಮೆ. ಇಂದಿಗೂ ಈ ವೃತ್ತಿಯ ಕಷ್ಟವೂ ಸೊಗಸೂ ಇದರಲ್ಲೇ ಅಡಗಿದೆ. ಮೆಕೆಲ್‌ರಾಯ್ 1948ರಲ್ಲಿ ಅದೇ ಕಂಪನಿಯ ಅಧ್ಯಕ್ಷರಾದರು. ರಷ್ಯಾ ಸ್ಪುಟ್ನಿಕ್ ಉಪಗ್ರಹವನ್ನು ಹಾರಿಸಿದ ಐದೇ ದಿನಕ್ಕೆ, 1957ರ ಅಕ್ಟೋಬರ್ 9ರಂದು, ಅಮೆರಿಕದ ರಕ್ಷಣಾ ಮಂತ್ರಿಯಾಗಿ ಪ್ರಮಾಣ ಸ್ವೀಕರಿಸಿದರು. ಅವರ ಅವಧಿಯಲ್ಲಿ, 1958ರಲ್ಲಿ, ಸ್ಥಾಪನೆಯಾದ ಅರ್ಪಾ ಎಂಬ ಸಂಶೋಧನಾ ಸಂಸ್ಥೆಯೇ ಮುಂದೆ 1969ರಲ್ಲಿ ಅರ್ಪಾನೆಟ್ ಜಾಲವನ್ನು ಆರಂಭಿಸಿತು. ಇಂದಿನ ಇಂಟರ್‌ನೆಟ್‌ನ ಬೇರು ಅದು.

ಮೆಕೆಲ್‌ರಾಯ್ ಮಾಡಿದ್ದು ಈ ಕೆಲಸವನ್ನು ಕಾಗದದ ಮೇಲೆ ಇಳಿಸಿದ್ದು. ಆ ಹೆಸರಿಲ್ಲದೆ ಈ ಕೆಲಸ ಮಾಡಿದವರು ಅದಕ್ಕೂ ಮೊದಲೇ ನಮ್ಮ ಮೈಸೂರು ಸಂಸ್ಥಾನದಲ್ಲಿದ್ದರು, ಅದೂ ಸಾಬೂನಿನಲ್ಲೇ! ಟಿಪ್ಪು ಸುಲ್ತಾನರ ಕಾಲದಿಂದ ಶ್ರೀಗಂಧ ಇಲ್ಲಿ ರಾಜವೃಕ್ಷ. ಗಂಧದ ಮರ ಯುರೋಪಿಗೆ ಹೋಗಿ ಅಲ್ಲಿ ಎಣ್ಣೆಯಾಗುತ್ತಿತ್ತು. ಮೊದಲ ಮಹಾಯುದ್ಧ ಶುರುವಾಗಿ ಆ ದಾರಿ ಮುಚ್ಚಿದಾಗ ಮರ ಇಲ್ಲೇ ರಾಶಿ ಬಿತ್ತು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆ, ವಿಶ್ವೇಶ್ವರಯ್ಯನವರ ದಿವಾನಗಿರಿ. ಟಾಟಾ ಇನ್‌ಸ್ಟಿಟ್ಯೂಟ್ ಎಂದು ಜನ ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರ ನೆರವಿನಿಂದ 1916ರಲ್ಲಿ ಬೆಂಗಳೂರಿನಲ್ಲಿಯೂ ಮರುವರ್ಷ ಮೈಸೂರಿನಲ್ಲಿಯೂ ಗಂಧದೆಣ್ಣೆ ತೆಗೆಯಲಾಯಿತು. ಸೋಸಲೆ ಗರಳಪುರಿ ಶಾಸ್ತ್ರಿಗಳನ್ನು ಸಾಬೂನು ವಿದ್ಯೆ ಕಲಿಯಲು ಇಂಗ್ಲೆಂಡಿಗೆ ಕಳುಹಿಸಲಾಯಿತು. ಜನ ಅವರನ್ನು ‘ಸೋಪ್ ಶಾಸ್ತ್ರಿ’ ಎಂದೇ ಕರೆದರು.

ಶಾಸ್ತ್ರಿಗಳು ರಸಾಯನ ಕಲಿತು ಬಂದು ಸಾಬೂನು ಬೇಯಿಸಿದ್ದರೆ ಅವರನ್ನು ರಸಾಯನ ಶಾಸ್ತ್ರಜ್ಞ ಎಂದು ಕರೆದು ಮುಂದೆ ಹೋಗಬಹುದಿತ್ತು. ಅವರು ಸಾಬೂನಿಗೆ ಅಂಡಾಕಾರದ ಬಿಲ್ಲೆ ಮಾಡಿಸಿದರು, ಅದನ್ನು ಒಡವೆಯ ಪೆಟ್ಟಿಗೆಯಂತೆ ಕಾಣುವ ಡಬ್ಬಿಯಲ್ಲಿ ಇಟ್ಟರು, ಆನೆಯ ತಲೆ ಸಿಂಹದ ಮೈ ಇರುವ ಶರಭವನ್ನು ಗುರುತಾಗಿ ಆರಿಸಿದರು. ಗಂಧ ಎಂದರೆ ನಮ್ಮವರಿಗೆ ಶುಭಕಾರ್ಯ, ಗೌರವ, ಉಡುಗೊರೆ. ಕೊಳ್ಳುವವನ ಮನಸ್ಸಿನಲ್ಲಿ ಅದಾಗಲೇ ಇರುವ ಬೆಲೆಯನ್ನು ಡಬ್ಬಿಯ ರೂಪದಲ್ಲಿ ತೋರಿಸುವುದೂ ಪ್ರಾಡಕ್ಟ್ ಮ್ಯಾನೇಜ್‌ಮೆಂಟ್‌ನ ಕೆಲಸವೇ. ಆ ಸಾಬೂನು ಇಂದಿಗೂ ಮಾರಾಟದಲ್ಲಿದೆ, 2006ರಲ್ಲಿ ಅದಕ್ಕೆ ಭೌಗೋಳಿಕ ಸೂಚ್ಯಂಕದ ಮಾನ್ಯತೆಯೂ ದೊರೆಯಿತು.

ಬೆಲೆಯ ಪಾಠವನ್ನು ಕಲಿಸಿದವರು ಗುಜರಾತಿನ ಕರ್ಸನ್‌ಭಾಯಿ ಪಟೇಲ್. ಸರ್ಕಾರಿ ನೌಕರಿಯಲ್ಲಿದ್ದ ಈ ರಸಾಯನ ಶಾಸ್ತ್ರ ಪದವೀಧರರು 1969ರಲ್ಲಿ ಮನೆಯಲ್ಲೇ ಬಟ್ಟೆ ತೊಳೆಯುವ ಪುಡಿ ಕಲಸಿ, ಸೈಕಲ್ ಮೇಲೆ ಹೇರಿಕೊಂಡು ಮನೆಮನೆಗೆ ಮಾರಿದರು. ಅದೇ ನಿರ್ಮಾ. ದೊಡ್ಡ ಕಂಪನಿಯ ಪುಡಿಯ ಬೆಲೆಗೆ ಹೋಲಿಸಿದರೆ ಅದರ ಬೆಲೆ ಮೂರನೇ ಒಂದು ಭಾಗಕ್ಕಿಂತ ಕಡಿಮೆ. ಬಾರ್ ಸೋಪಿನಿಂದ ಬಟ್ಟೆ ಉಜ್ಜುತ್ತಿದ್ದ ಲಕ್ಷಾಂತರ ಗೃಹಿಣಿಯರು ದೊಡ್ಡ ಕಂಪನಿಗಳ ಲೆಕ್ಕದಲ್ಲಿ ಗಿರಾಕಿಗಳೇ ಆಗಿರಲಿಲ್ಲ. ಸೈಕಲ್ ಮೇಲೆ ಹೋದವನಿಗೆ ಅವರು ಕಂಡರು.

ಇನ್ನು ಸಾಬೂನಿನಿಂದ ಸಾಫ್ಟ್‌ವೇರ್‌ಗೆ ಈ ವಿದ್ಯೆ ದಾಟಿದ್ದು ಹೇಗೆ? ಆ ಸೇತುವೆಗಳಲ್ಲಿ ಒಂದರ ಹೆಸರು ಸ್ಕಾಟ್ ಕುಕ್. ಇವರು ಪ್ರಾಕ್ಟರ್ ಅಂಡ್ ಗ್ಯಾಂಬಲ್‌ನಲ್ಲಿ ಬ್ರಾಂಡ್ ಕೆಲಸ ಕಲಿತವರು, ಅಂದರೆ ಮೆಕೆಲ್‌ರಾಯ್ ಕಟ್ಟಿದ ಗರಡಿಯ ಪೈಲ್ವಾನ್. ಮನೆಯ ಬಿಲ್ಲುಗಳನ್ನು ಕಟ್ಟಿ ಲೆಕ್ಕ ಇಡುವುದು ಬೇಸರದ ಕೆಲಸ ಎಂದು ಪತ್ನಿ ಗೊಣಗಿದ್ದನ್ನು ಕೇಳಿ, 1983ರಲ್ಲಿ ಟಾಮ್ ಪ್ರೂ ಎಂಬ ತರುಣನ ಜೊತೆ ಸೇರಿ ಇಂಟ್ಯೂಟ್ ಕಂಪನಿ ಆರಂಭಿಸಿದರು. ಮನೆ ಲೆಕ್ಕದ ಸಾಫ್ಟ್‌ವೇರ್ ಆಗಲೇ ಮಾರುಕಟ್ಟೆಯಲ್ಲಿ ಹತ್ತಾರು ಇದ್ದವು. ಕುಕ್ ಮಾತ್ರ ಕಂಪ್ಯೂಟರ್ ಅಭ್ಯಾಸವಿಲ್ಲದ ಮಹಿಳೆಯರನ್ನು ಕರೆದು ಕೂರಿಸಿ, ತಾವು ಏನೂ ಹೇಳಿಕೊಡದೆ, ಅವರಿಗೆ ಎಷ್ಟು ಹೊತ್ತು ಹಿಡಿಯುತ್ತದೆ, ಎಲ್ಲಿ ತಡವರಿಸುತ್ತಾರೆ ಎಂದು ಗಡಿಯಾರ ಹಿಡಿದು ನೋಡಿದರು. ಮುಂದೆ ಅವರ ಕಂಪನಿಯಲ್ಲಿ ಒಂದು ಪದ್ಧತಿಯೇ ಬೆಳೆಯಿತು. ಅಂಗಡಿಯಲ್ಲಿ ಸಾಫ್ಟ್‌ವೇರ್ ಕೊಂಡವರ ಒಪ್ಪಿಗೆ ಪಡೆದು ಅವರ ಮನೆಗೇ ಹೋಗಿ, ಡಬ್ಬಿ ಬಿಚ್ಚುವುದರಿಂದ ಹಿಡಿದು ಎಲ್ಲವನ್ನೂ ಸುಮ್ಮನೆ ನೋಡುವುದು. ಮನೆಗೆಂದು ಮಾಡಿದ ಈ ಸಾಫ್ಟ್‌ವೇರನ್ನು ಎಷ್ಟೋ ಜನ ತಮ್ಮ ಚಿಕ್ಕ ವ್ಯಾಪಾರದ ಲೆಕ್ಕಕ್ಕೆ ಬಳಸುತ್ತಿದ್ದಾರೆಂಬುದು ಬಳಸುವವರನ್ನು ವಿಚಾರಿಸಿದಾಗ ತಿಳಿಯಿತು. ಮೊದಲಿಗೆ ಕಂಪನಿಯವರೇ ನಂಬಲಿಲ್ಲ. ನಂಬಿದ ಮೇಲೆ 1992ರಲ್ಲಿ ಕ್ವಿಕ್‌ಬುಕ್ಸ್ ಬಂತು.

ಹೆಚ್ಚು ದೂರದ ಅಮೆರಿಕವೇಕೆ, ಉರ್ದು ಓದುವವರಿಗೆ ಇದಕ್ಕಿಂತ ಹತ್ತಿರದ ಉದಾಹರಣೆಯಿದೆ. ಉರ್ದುವನ್ನು ಅಚ್ಚುಮೊಳೆಯಲ್ಲಿ ಜೋಡಿಸಲು ಅರಬಿಯ ನಸ್ಖ್ ಲಿಪಿ ಸುಲಭ, ಯಂತ್ರಕ್ಕೆ ಒಗ್ಗುತ್ತದೆ. ಆದರೆ ಉರ್ದು ಓದುಗನ ಕಣ್ಣಿಗೆ ಬೇಕಾದದ್ದು ಓರೆಯಾಗಿ ಇಳಿಯುವ ನಸ್ತಾಲೀಕ್. ಅದರಲ್ಲಿ ಅಕ್ಷರದ ರೂಪ ಪಕ್ಕದ ಅಕ್ಷರವನ್ನು ನೋಡಿ ಬದಲಾಗುತ್ತದೆ. ನಸ್ಖ್ ಅನ್ನು ಜನ ಒಪ್ಪಲೇ ಇಲ್ಲ. ಹಾಗಾಗಿ ಬೇರೆ ಭಾಷೆಗಳು ಅಚ್ಚುಮೊಳೆಗೆ ಹೋಗಿ ಎಷ್ಟೋ ಕಾಲವಾದರೂ ಉರ್ದು ಪತ್ರಿಕೆಗಳನ್ನು ಕಾತಿಬರು ಕೈಯಲ್ಲೇ ಬರೆಯುತ್ತಿದ್ದರು. ಕಡೆಗೆ 1981ರ ಹೊತ್ತಿಗೆ ಪಾಕಿಸ್ತಾನದ ಕಲಿಗಾರ ಮಿರ್ಜಾ ಅಹ್ಮದ್ ಜಮೀಲ್ ಸಾವಿರಾರು ಜೋಡಿರೂಪಗಳನ್ನು ಕೈಯಿಂದ ಬರೆದುಕೊಟ್ಟು, ಮೊನೊಟೈಪ್ ಕಂಪನಿಯ ಯಂತ್ರದಲ್ಲಿ ನೂರಿ ನಸ್ತಾಲೀಕ್ ಸಿದ್ಧವಾಯಿತು. 1994ರಲ್ಲಿ ಬಂದ ಇನ್‌ಪೇಜ್ ಸಾಫ್ಟ್‌ವೇರ್ ಅದೇ ಬರಹವನ್ನು ಸಾಧಾರಣ ಕಂಪ್ಯೂಟರಿಗೆ ತಂದಿತು. ನಮ್ಮ ಶಾಲೆಗಳ ಉರ್ದು ಪ್ರಶ್ನೆಪತ್ರಿಕೆಗಳು ಅದರಲ್ಲೇ ಅಚ್ಚಾದವು. ಯಂತ್ರಕ್ಕೆ ಸುಲಭವಾದದ್ದನ್ನು ಓದುಗನ ಮೇಲೆ ಹೇರದೆ, ಓದುಗನಿಗೆ ಬೇಕಾದದ್ದನ್ನು ಯಂತ್ರದಿಂದ ಮಾಡಿಸಿದ್ದು ಇಲ್ಲಿ ನಡೆದ ಕೆಲಸ.

ಇದರ ಪಕ್ಕದಲ್ಲಿ ಬೆಂಗಳೂರಿನದೇ ಒಂದು ನೋವಿನ ಕಥೆಯನ್ನು ಇಡಬೇಕು. 1998ರಲ್ಲಿ ಬೆಂಗಳೂರಿನ ಐಟಿ ಮೇಳದ ಸಂದರ್ಭದಲ್ಲಿ ನಡೆದ ವಿಚಾರ ಸಂಕಿರಣದಲ್ಲಿ, ಬಡವರಿಗೂ ಅನಕ್ಷರಸ್ಥರಿಗೂ ಕಂಪ್ಯೂಟರ್ ದೊರೆಯಬೇಕೆಂಬ ಚರ್ಚೆಯಾಯಿತು. ಭಾರತೀಯ ವಿಜ್ಞಾನ ಸಂಸ್ಥೆಯ ಸ್ವಾಮಿ ಮನೋಹರ್, ವಿಜಯ್ ಚಂದ್ರು, ರಮೇಶ್ ಹರಿಹರನ್, ವಿ. ವಿನಯ್ ಮತ್ತು ಎನ್‌ಕೋರ್ ಸಾಫ್ಟ್‌ವೇರ್‌ನ ವಿನಯ್ ದೇಶಪಾಂಡೆ ಮುಂತಾದವರು ಟ್ರಸ್ಟ್ ಕಟ್ಟಿ, 2001ರಲ್ಲಿ ಸಿಂಪ್ಯೂಟರ್ ಎಂಬ ಅಂಗೈ ಗಾತ್ರದ ಕಂಪ್ಯೂಟರನ್ನು ಜಗತ್ತಿಗೆ ತೋರಿಸಿದರು. ಪರದೆಯನ್ನು ಮುಟ್ಟಿದರೆ ಕೆಲಸ ಮಾಡುತ್ತಿತ್ತು. ಕನ್ನಡ, ಹಿಂದಿ, ತಮಿಳಿನಲ್ಲಿ ಬರಹವನ್ನು ಓದಿ ಹೇಳುತ್ತಿತ್ತು. ಒಬ್ಬೊಬ್ಬರ ಮಾಹಿತಿ ಅವರವರ ಸ್ಮಾರ್ಟ್ ಕಾರ್ಡಿನಲ್ಲಿ ಇರುವುದರಿಂದ ಒಂದು ಯಂತ್ರವನ್ನು ಇಡೀ ಹಳ್ಳಿ ಹಂಚಿಕೊಳ್ಳಬಹುದಿತ್ತು. ಪರದೇಶದ ಪತ್ರಿಕೆಗಳೂ ಹೊಗಳಿದವು. ಅಂದಿನ ಕಾಲಕ್ಕೆ ಅದೊಂದು ಅದ್ಭುತ, ಅದರಲ್ಲಿ ಎರಡು ಮಾತಿಲ್ಲ.

2004ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಿಂದ ‘ಅಮಿಡಾ’ ಹೆಸರಿನಲ್ಲಿ ಅದು ಮಾರುಕಟ್ಟೆಗೆ ಬಂದಾಗ ಅತಿ ಅಗ್ಗದ ಮಾದರಿಗೇ ಸುಮಾರು 10,000 ರೂಪಾಯಿ. ಭೂದಾಖಲೆಯ ಕೆಲಸ, ಶಾಲೆಗಳ ಪ್ರಯೋಗ ಮುಂತಾದ ಕಡೆ ಬಳಕೆಯಾದರೂ ಮಾರಾಟವಾದದ್ದು ಕೆಲವೇ ಸಾವಿರ. ಇದಕ್ಕೆ ಕಾರಣ ಒಂದಲ್ಲ. ಬಿಡಿಭಾಗಗಳು ದುಬಾರಿ, ಬಂಡವಾಳ ಹೂಡುವವರಿಗೆ ಯಂತ್ರ ತಯಾರಿಕೆಯಲ್ಲಿ ನಂಬಿಕೆ ಇರಲಿಲ್ಲ, ನಿರೀಕ್ಷಿಸಿದ ಸರ್ಕಾರಿ ಬೇಡಿಕೆ ಬರಲಿಲ್ಲ. ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ರೈತನಿಗಾಗಿ, ವಿದ್ಯಾರ್ಥಿಗಾಗಿ, ಗ್ರಾಮ ಪಂಚಾಯಿತಿಗಾಗಿ, ಕಚೇರಿಯ ಸಾಹೇಬರಿಗಾಗಿ, ಹೀಗೆ ಎಲ್ಲರಿಗಾಗಿ ಮಾಡಿದ ಯಂತ್ರವನ್ನು ತನ್ನ ಜೇಬಿನಿಂದ ದುಡ್ಡು ಕೊಟ್ಟು ಕೊಳ್ಳಬೇಕಾದವರು ಯಾರು?

ಅದೇ ಸಮಯದಲ್ಲಿ, 2003ರಲ್ಲಿ, ನೋಕಿಯಾ 1100 ಬಂದಿತ್ತು. ಓದುಗರಲ್ಲಿ ಬಹಳ ಮಂದಿ ಅದನ್ನು ಕೈಯಲ್ಲಿ ಹಿಡಿದವರೇ. ಅದರಲ್ಲಿ ಕ್ಯಾಮರಾ ಇಲ್ಲ, ಬಣ್ಣದ ಪರದೆ ಇಲ್ಲ, ಬುದ್ಧಿವಂತಿಕೆಯಲ್ಲಿ ಸಿಂಪ್ಯೂಟರಿನ ಕಾಲಧೂಳಿಗೂ ಸಮವಲ್ಲ. ಇದ್ದದ್ದು ಒಂದು ಟಾರ್ಚ್, ಧೂಳು ಒಳಹೋಗದ ಒಂದೇ ಹಾಳೆಯ ಕೀಲಿಮಣೆ, ಬೆವರುವ ಕೈಯಿಂದ ಜಾರದ ಹಿಡಿತ. ಕರೆಂಟ್ ಹೋಗುವ ಊರಿನಲ್ಲಿ, ರಾತ್ರಿ ಹೊಲಕ್ಕೆ ನೀರು ಬಿಡಲು ಹೋಗುವವನಿಗೆ ಅದು ಸಾಕಿತ್ತು. ಜಗತ್ತಿನಾದ್ಯಂತ ಸುಮಾರು 25 ಕೋಟಿ ಮಾರಾಟವಾಯಿತು. ಸಿಂಪ್ಯೂಟರ್ ಕಟ್ಟಿದ ವಿಜ್ಞಾನಿಗಳನ್ನು ಹಳಿಯಲು ಇದನ್ನು ಹೇಳುತ್ತಿಲ್ಲ, ಅವರ ಕನಸು ದೊಡ್ಡದು. ಒಳ್ಳೆಯ ಯಂತ್ರ ಬೇರೆ, ಒಳ್ಳೆಯ ಪ್ರಾಡಕ್ಟ್ ಬೇರೆ ಎಂಬುದು ಇಷ್ಟು ಸ್ಪಷ್ಟವಾಗಿ ಬೇರೆಲ್ಲೂ ಕಾಣುವುದಿಲ್ಲ.

ಹಾಗಾದರೆ ಈ ಕೆಲಸಕ್ಕೆ ಬೇಕಾದ ಕೌಶಲ್ಯಗಳು ಯಾವುವು? ಇಷ್ಟರಲ್ಲಿ ಓದುಗರೇ ಅರ್ಧ ಊಹಿಸಿರಬಹುದು. ಕಣ್ಣಾರೆ ಹೋಗಿ ನೋಡುವುದು ಮೊದಲನೆಯದು. ಇತ್ತೀಚಿನ ಉದಾಹರಣೆ ಹೇಳುವುದಾದರೆ, 2016ರಲ್ಲಿ ಯು.ಪಿ.ಐ. ಬಂದ ಮೇಲೆ ಅಂಗಡಿಯವರು ಹಣ ಬಂತೇ ಎಂದು ಪ್ರತಿಸಲ ಮೊಬೈಲ್ ತೆಗೆದು ಮೆಸೇಜ್ ನೋಡಬೇಕಿತ್ತು. ಕೈಯಲ್ಲಿ ತಕ್ಕಡಿ, ಎದುರಿಗೆ ನಾಲ್ಕು ಜನ ಗಿರಾಕಿಗಳು. ಈಗ ತರಕಾರಿ ಗಾಡಿಯ ಮೇಲಿನ ಪುಟ್ಟ ಪೆಟ್ಟಿಗೆಯೇ ‘ಇಷ್ಟು ರೂಪಾಯಿ ಬಂದಿದೆ’ ಎಂದು ಕನ್ನಡದಲ್ಲಿ ಕೂಗುತ್ತದೆ. ಗಾಡಿಯ ಪಕ್ಕ ಹತ್ತು ನಿಮಿಷ ನಿಂತವರಿಗೆ ಹೊಳೆಯುವ ವಿಚಾರ ಇದು, ಹವಾನಿಯಂತ್ರಿತ ಕೋಣೆಯಲ್ಲಿ ಹತ್ತು ದಿನ ಕೂತರೂ ಹೊಳೆಯುವುದು ಕಷ್ಟ. ಅಂಗಡಿ, ಗ್ಯಾರೇಜು, ಬಳೆ ವ್ಯಾಪಾರ, ಬೀಡಿ ಕಟ್ಟುವ ಮನೆ ಇವುಗಳ ನಡುವೆ ಬೆಳೆದ ನಮ್ಮ ಮಕ್ಕಳಿಗೆ ಈ ಲೋಕ ಹುಟ್ಟಿನಿಂದಲೇ ಗೊತ್ತು. ಮನೆಯಲ್ಲಿ ಉರ್ದು ಅಥವಾ ಬ್ಯಾರಿ, ಬೀದಿಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗೋ ತಮಿಳೋ ಮಾತನಾಡುವ ಹುಡುಗಿಗೆ ನಾಲ್ಕು ಬಗೆಯ ಗಿರಾಕಿಗಳ ಮನಸ್ಸು ತಿಳಿಯುತ್ತದೆ. ಇದನ್ನು ಅವಳ ಕೊರತೆಯೆಂದು ಎಣಿಸುವ ನಮ್ಮ ಅಭ್ಯಾಸ ನನಗೆ ಎಂದೂ ಅರ್ಥವಾಗಿಲ್ಲ.

ಎರಡನೆಯದು ಬರವಣಿಗೆ. ಭಾಷಾ ಶಿಕ್ಷಕನಾದ್ದರಿಂದ ಪಕ್ಷಪಾತ ಎಂದು ನೀವು ಹೇಳಬಹುದು. ಆದರೆ ಈ ವೃತ್ತಿ ಹುಟ್ಟಿದ್ದೇ ಒಂದು ಟಿಪ್ಪಣಿಯಿಂದ ಎಂಬುದನ್ನು ಮರೆಯಬಾರದು. ಅಧಿಕಾರವಿಲ್ಲದವನಿಗೆ ಬೇರೆಯವರನ್ನು ಒಪ್ಪಿಸಲು ಇರುವ ಸಾಧನ ಮಾತು ಮತ್ತು ಬರಹ ಮಾತ್ರ. ಗಿರಾಕಿಯ ತೊಂದರೆ ಏನು, ನಾವು ಏನು ಮಾಡಬೇಕು, ಅದು ಆಯಿತೆಂದು ಹೇಗೆ ತಿಳಿಯುವುದು, ಇಷ್ಟನ್ನು ಇಂಜಿನಿಯರಿಗೂ ಮಾರಾಟಗಾರನಿಗೂ ಒಂದೇ ಅರ್ಥ ಕೊಡುವಂತೆ ಒಂದು ಪುಟದಲ್ಲಿ ಬರೆಯಬೇಕು. ಹತ್ತನೇ ತರಗತಿಯಲ್ಲಿ ಸಾರಾಂಶ ಬರಹ ಎಂದು ನಾವು ಮಾಡಿಸುವುದು ಇದನ್ನೇ. ಗೈಡ್ ನೋಡಿ ಬಾಯಿಪಾಠ ಮಾಡಿದರೆ ಅಂಕ ಬರುತ್ತದೆ, ಕೌಶಲ್ಯ ಬರುವುದಿಲ್ಲ.

ಲೆಕ್ಕದ ವಿಷಯದಲ್ಲಿ ಕ್ಯಾಲ್ಕುಲಸ್ ಬೇಕಿಲ್ಲ. ಶೇಕಡಾವಾರು, ಸರಾಸರಿ, ಕಳೆದ ತಿಂಗಳಿಗೂ ಈ ತಿಂಗಳಿಗೂ ವ್ಯತ್ಯಾಸ, ನೂರು ಜನ ಬಂದವರಲ್ಲಿ ಎಷ್ಟು ಜನ ಮರಳಿ ಬಂದರು ಎಂಬುದು ತಿಳಿದರೆ ಸಾಕು. ಕೋಡ್ ಬರೆಯಲು ಬರಲೇಬೇಕೆಂದಿಲ್ಲ, ಆದರೆ ಸಾಫ್ಟ್‌ವೇರ್ ಹೇಗೆ ತಯಾರಾಗುತ್ತದೆ, ಯಾವುದಕ್ಕೆ ಒಂದು ದಿನ, ಯಾವುದಕ್ಕೆ ಒಂದು ತಿಂಗಳು ಹಿಡಿಯುತ್ತದೆ ಎಂಬ ಅಂದಾಜು ಬೇಕು. ಎಲ್ಲಕ್ಕಿಂತ ಕಷ್ಟವಾದದ್ದು ‘ಬೇಡ’ ಎನ್ನುವುದು. ಟಾರ್ಚ್ ಇಡೋಣ, ಕ್ಯಾಮರಾ ಬೇಡ ಎಂದು ಹೇಳಿದವರು ಯಾರೋ ಒಬ್ಬರು ಇದ್ದಿರಲೇಬೇಕಲ್ಲ.

ಸಂಪನ್ಮೂಲಗಳ ಬಗ್ಗೆ ಪೋಷಕರಿಗೆ ಒಂದು ಎಚ್ಚರಿಕೆಯ ಮಾತು. ಸಾಲ ಮಾಡಿ ಲಕ್ಷ ರೂಪಾಯಿಯ ಸರ್ಟಿಫಿಕೇಟ್ ಕೋರ್ಸಿಗೆ ಸೇರಿಸುವ ಮುನ್ನ ಪುಕ್ಕಟೆ ಸಿಗುವುದನ್ನು ಮುಗಿಸಲಿ. ಸರ್ಕಾರದ ಸ್ವಯಂ ಮತ್ತು ಎನ್.ಪಿ.ಟಿ.ಇ.ಎಲ್. ಪಾಠಗಳಲ್ಲಿ ಮಾರುಕಟ್ಟೆ ಅಧ್ಯಯನ, ವಿನ್ಯಾಸ, ದತ್ತಾಂಶ ಕುರಿತ ಕೋರ್ಸುಗಳನ್ನು ಹಣ ಕೊಡದೆ ಕಲಿಯಬಹುದು, ಪರೀಕ್ಷೆಗೆ ಮಾತ್ರ ಶುಲ್ಕ. ಎಕ್ಸೆಲ್ ಚೆನ್ನಾಗಿ ಬರಬೇಕು, ನಂತರ ಎಸ್.ಕ್ಯು.ಎಲ್. ಕಲಿಯಲಿ. ಪುಸ್ತಕಗಳಲ್ಲಿ ಮಾರ್ಟಿ ಕೇಗನ್ ಅವರ ‘ಇನ್‌ಸ್ಪೈರ್ಡ್’ ಹೆಸರುವಾಸಿ, ಆದರೆ ಹೊಸಬರಿಗೆ ಸ್ವಲ್ಪ ಗಟ್ಟಿ. ರಾಬ್ ಫಿಟ್ಜ್‌ಪ್ಯಾಟ್ರಿಕ್ 2013ರಲ್ಲಿ ಬರೆದ ‘ದಿ ಮಾಮ್ ಟೆಸ್ಟ್’ ತೆಳ್ಳಗಿನ ಪುಸ್ತಕ, ಇಂಗ್ಲಿಷ್ ಸರಳ. ನಿನ್ನ ಯೋಜನೆ ಹೇಗಿದೆ ಎಂದು ಕೇಳಿದರೆ ತಾಯಿ ಚೆನ್ನಾಗಿದೆ ಎಂದೇ ಹೇಳುತ್ತಾಳೆ, ಆದ್ದರಿಂದ ಯೋಜನೆಯ ಬಗ್ಗೆ ಕೇಳಬೇಡ, ಕಳೆದ ಸಲ ಈ ತೊಂದರೆ ಬಂದಾಗ ಏನು ಮಾಡಿದೆ, ಎಷ್ಟು ಖರ್ಚಾಯಿತು ಎಂದು ಕೇಳು ಎಂಬುದು ಅದರ ತಿರುಳು.

ಡಿಗ್ರಿ ಮುಗಿಸಿದ ಕೂಡಲೇ ಈ ಹುದ್ದೆ ಸಿಗುವುದು ಅಪರೂಪ. ಗೂಗಲ್ 2002ರಲ್ಲಿ ಹೊಸಬರಿಗೆಂದೇ ಅಸೋಸಿಯೇಟ್ ಪ್ರಾಡಕ್ಟ್ ಮ್ಯಾನೇಜರ್ ತರಬೇತಿ ಆರಂಭಿಸಿತು, ಅಂಥ ಸ್ಥಾನಗಳು ಬೆರಳೆಣಿಕೆಯವು. ಹೆಚ್ಚಿನವರು ಗ್ರಾಹಕ ಸೇವೆ, ಟೆಸ್ಟಿಂಗ್, ಮಾರಾಟ ಅಥವಾ ದತ್ತಾಂಶ ವಿಶ್ಲೇಷಣೆಯಿಂದ ಒಳಗೆ ಬಂದು ಎರಡು ಮೂರು ವರ್ಷಗಳಲ್ಲಿ ಈ ಕಡೆಗೆ ಹೊರಳುತ್ತಾರೆ. ಹಾಗಾಗಿ ಕಾಲ್ ಸೆಂಟರ್ ಕೆಲಸ ಸಿಕ್ಕ ಬಿ.ಕಾಂ. ಅಥವಾ ಬಿ.ಎ. ಪದವೀಧರರು ಅದನ್ನು ಹೀನಾಯವೆಂದು ತಿಳಿಯಬೇಕಾಗಿಲ್ಲ. ದಿನಕ್ಕೆ ನೂರು ಗಿರಾಕಿಗಳ ದೂರು ಕೇಳುವ ಅವಕಾಶ ಕಂಪನಿಯ ದೊಡ್ಡ ಅಧಿಕಾರಿಗೂ ಇರುವುದಿಲ್ಲ. ಆ ದೂರುಗಳನ್ನು ಒಂದು ನೋಟ್‌ಬುಕ್‌ನಲ್ಲಿ ಬಗೆಬಗೆಯಾಗಿ ಗುರುತು ಹಾಕಿಟ್ಟು, ಯಾವುದು ವಾರಕ್ಕೆ ಎಷ್ಟು ಸಲ ಬಂತು ಎಂದು ಎಣಿಸಿ, ತಿಂಗಳ ಕೊನೆಗೆ ಒಂದು ಪುಟದ ಟಿಪ್ಪಣಿ ಬರೆದು ತಮ್ಮ ಮ್ಯಾನೇಜರರ ಮೇಜಿನ ಮೇಲೆ ಇಡಲಿ. ಕೇಳದಿದ್ದರೂ ಇಡಲಿ, ಮೆಕೆಲ್‌ರಾಯ್ ಮಾಡಿದ್ದೂ ಸುಮಾರಾಗಿ ಅಷ್ಟೇ.